ಚೀಟಿ ಯಾರು ಹಚ್ಚಬೇಕು? – ವಿಲ್ಯಾನ್ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ತರಗತಿ: 9ನೆಯ ತರಗತಿ
ಸ್ಥಳ: ಕನಮಡಿಯ ಒಂದು ಪ್ರೌಢಶಾಲೆ
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಉದ್ದೇಶ: ಒಂದೇ ಸ್ವಿಚ್ಚಿನಲ್ಲಿ ಎರಡು ಪ್ರತ್ಯೇಕ ಜಾಲಗಳು ಹೇಗೆ ಇರಬಲ್ಲವು ಎಂಬುದನ್ನು ವಿದ್ಯಾರ್ಥಿಗಳು ವಿವರಿಸುವರು.

ಪೀಠಿಕೆ

ಇದು ಪಠ್ಯದಲ್ಲಿಲ್ಲದ ವಿಷಯ. ಕಂಪ್ಯೂಟರ್ ಅವಧಿಯಲ್ಲಿ ಒಬ್ಬ ಹುಡುಗ, "ಲ್ಯಾಬಿನಿಂದ ಕಚೇರಿ ಕಂಪ್ಯೂಟರಿನ್ಯಾಗಿನ ಅಂಕ ನೋಡಾಕ ಬರತೈತೇನ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ಒಳ್ಳೆಯದಿತ್ತು. ಅದನ್ನೇ ಪಾಠವಾಗಿಸಿದೆ.

ಮೊದಲ ದಿನದ ಚಟುವಟಿಕೆ

ಎರಡು ಮೇಜುಗಳನ್ನು ಸ್ವಿಚ್ ಎಂದು ಇಟ್ಟು, ಪ್ರತಿ ಮೇಜಿಗೆ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದೆ. ಒಂದೊಂದು ಮೇಜಿನ ಸುತ್ತ ನಾಲ್ಕು ಮಕ್ಕಳು ಕಂಪ್ಯೂಟರುಗಳಾಗಿ ಕುಳಿತರು: ಇಬ್ಬರು ಲ್ಯಾಬ್, ಇಬ್ಬರು ಕಚೇರಿ. ಮೇಜುಗಳ ನಡುವೆ ಒಂದು ಹಗ್ಗ. ಅದೇ ಕೇಬಲ್.

ಒಬ್ಬ "ಈ ವಿಳಾಸ ಯಾರದು?" ಎಂದು ಎಲ್ಲರಿಗೂ ಪತ್ರ ಕಳಿಸಿದ. ಇದು ಬ್ರಾಡ್‌ಕಾಸ್ಟ್. ಉಳಿದ 7 ಜನರಿಗೂ ತಲುಪಿತು. ಬಳಿಕ ಲ್ಯಾಬಿಗೆ ಕೆಂಪು ಚೀಟಿ, ಕಚೇರಿಗೆ ಹಳದಿ ಚೀಟಿ ಕೊಟ್ಟು, ಆಯಾ ಬಣ್ಣದವರಿಗೆ ಮಾತ್ರ ತಲುಪಿಸಲು ಸ್ವಿಚ್ಚುಗಳಿಗೆ ಹೇಳಿದೆ. ಈಗ ತಲುಪಿದ್ದು 3 ಜನರಿಗೆ. ಇದೇ ವರ್ಚುವಲ್ ಲೋಕಲ್ ಏರಿಯಾ ನೆಟ್‌ವರ್ಕ್, ಅಂದರೆ ವಿಲ್ಯಾನ್ ಎಂದೆ. ಪಾಠ ಗೆದ್ದಿತು ಎಂದುಕೊಂಡೆ.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದಳು: "ಸರ್, ಬಣ್ಣಾ ನಾವ ಬರಿಯೂದಾದ್ರ, ಲ್ಯಾಬಿನ್ಯಾಂವ ಹಳದಿ ಬರದ್ರ ಕಚೇರಿಗೆ ಹೋಕ್ಕೈತಲ್ರಿ?"

"ಹಾಗೆ ಬರೆಯಬಾರದು, ಅದು ನಿಯಮ" ಎಂದು ಕೂರಿಸಿದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ತಪ್ಪು ಎಲ್ಲಿತ್ತು?

ಸಂಜೆ ಮತ್ತೆ ಓದಿದಾಗ ತಿಳಿಯಿತು: ಚೀಟಿಗಳನ್ನು ಕಂಪ್ಯೂಟರುಗಳ ಕೈಗೆ ಕೊಟ್ಟದ್ದೇ ತಪ್ಪು. ಸಾಮಾನ್ಯ ಕಂಪ್ಯೂಟರಿಗೆ ತಾನು ಯಾವ ವಿಲ್ಯಾನಿನಲ್ಲಿದ್ದೇನೆ ಎಂಬುದೇ ತಿಳಿದಿರುವುದಿಲ್ಲ. ಯಾವ ಪೋರ್ಟ್ ಯಾವ ವಿಲ್ಯಾನಿಗೆ ಸೇರಿದೆ ಎಂಬ ಪಟ್ಟಿ ಇರುವುದು ಸ್ವಿಚ್ಚಿನಲ್ಲಿ. ಇಂಥ ಪೋರ್ಟಿಗೆ ಆಕ್ಸೆಸ್ ಪೋರ್ಟ್ ಎನ್ನುತ್ತಾರೆ. ಬೇರೆ ವಿಲ್ಯಾನಿನ ಗುರುತು ಹೊತ್ತು ಬಂದ ಫ್ರೇಮನ್ನು ಅದು ಸಾಮಾನ್ಯವಾಗಿ ತಿರಸ್ಕರಿಸುತ್ತದೆ.

ಎರಡನೆಯ ದಿನ

"ನಿನ್ನೆ ನಾನು ಹೇಳಿದ್ದು ತಪ್ಪು, ಅವಳ ಪ್ರಶ್ನೆ ಸರಿ" ಎಂದೇ ಆರಂಭಿಸಿದೆ. ಮಕ್ಕಳಿಗೆ ಬಿಳಿ ಕಾಗದ, ಸ್ವಿಚ್ಚಾದವರಿಗೆ ಬಣ್ಣದ ಚೀಟಿ ಮತ್ತು ಪೋರ್ಟ್ ಪಟ್ಟಿ ಕೊಟ್ಟೆ. ಒಂದೇ ಮೇಜಿನೊಳಗೆ ಚೀಟಿಯೇ ಬೇಕಾಗಲಿಲ್ಲ, ಪಟ್ಟಿ ಸಾಕಾಯಿತು. ಹಗ್ಗ ದಾಟುವಾಗ ಮಾತ್ರ ಚೀಟಿ ಬೇಕಾಯಿತು, ಏಕೆಂದರೆ ಎರಡೂ ಬಣ್ಣದವರ ಪತ್ರ ಅದೇ ಹಗ್ಗದಲ್ಲಿ ಹೋಗಬೇಕು. ಆಚೆಯ ಸ್ವಿಚ್ ಚೀಟಿ ನೋಡಿ, ಕಿತ್ತು, ಬಿಳಿ ಕಾಗದವನ್ನಷ್ಟೇ ತಲುಪಿಸಿತು. ಈ ಹಗ್ಗವೇ ಟ್ರಂಕ್.

ದ್ರಾಕ್ಷಿ ಬೆಳೆಗಾರರ ಮನೆಯ ಹುಡುಗ ತಾನಾಗಿಯೇ ಹೋಲಿಸಿದ: "ತಾಸಗಾಂವ್ ಪ್ಯಾಟಿಗೆ ನಾಕೂ ಮಂದಿ ಒಣದ್ರಾಕ್ಷಿ ಒಂದ ಗಾಡ್ಯಾಗ ಹೋಗತಾವ್ರಿ. ಚೀಟಿ ನಮ್ಮಪ್ಪ ಹಚ್ಚೂದಿಲ್ರಿ, ಗಾಡಿಗೆ ಏರಿಸೂ ಮುಂದ ಹಚ್ತಾರ." ನನ್ನ ಪಾಠಯೋಜನೆಯಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಈ ಚೀಟಿಯ ನಿಜರೂಪವನ್ನು ಕಪ್ಪುಹಲಗೆಯ ಮೇಲೆ ಬರೆದೆ. 1998ರಲ್ಲಿ ಪ್ರಕಟವಾದ ಐಇಇಇ 802.1ಕ್ಯೂ ಮಾನದಂಡದಂತೆ, ಫ್ರೇಮಿನಲ್ಲಿ ಕಳಿಸುವವರ ವಿಳಾಸದ ನಂತರ 4 ಬೈಟಿನ ಟ್ಯಾಗ್ ಸೇರುತ್ತದೆ. ಅದರಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್. ಮಕ್ಕಳೇ ಎರಡರ ಹನ್ನೆರಡನೆಯ ಘಾತ ಲೆಕ್ಕ ಹಾಕಿ 4096 ಎಂದರು. 0 ಮತ್ತು 4095 ಕಾಯ್ದಿರಿಸಿದ ಸಂಖ್ಯೆಗಳಾದ್ದರಿಂದ ಬಳಕೆಗೆ ಉಳಿಯುವುದು 4094.

ಮೌಲ್ಯಮಾಪನ

"ಲ್ಯಾಬಿನ ಕಂಪ್ಯೂಟರನ್ನು ಬಿಚ್ಚಿ ಕಚೇರಿಯ ಪೋರ್ಟಿಗೆ ಸಿಕ್ಕಿಸಿದರೆ ಅದು ಯಾವ ವಿಲ್ಯಾನ್?" ಎಂದು ಕೇಳಿದೆ. ಹೆಚ್ಚಿನವರು "ಕಚೇರಿ" ಎಂದು ಬರೆದರು. ಕೆಲವರು "ಲ್ಯಾಬ್" ಎಂದರು, ಅವರನ್ನು ಮತ್ತೆ ಮೇಜಿನ ಬಳಿ ಕೂರಿಸಿ ತೋರಿಸಿದೆ. ಆದ್ದರಿಂದ ವಿಲ್ಯಾನ್ ಇದ್ದರೂ ಕಚೇರಿಯ ಬಾಗಿಲಿಗೆ ಬೀಗ, ಕಂಪ್ಯೂಟರಿಗೆ ಪಾಸ್‌ವರ್ಡ್ ಬೇಕು. ಎರಡು ವಿಲ್ಯಾನುಗಳು ಮಾತಾಡಬೇಕಾದರೆ ನಡುವೆ ರೂಟರ್ ಬೇಕು, ಯಾರನ್ನು ಬಿಡಬೇಕು ಎಂಬ ನಿಯಮವನ್ನು ಅಲ್ಲಿ ಬರೆಯಬಹುದು. ಅಗ್ಗದ ಸಾದಾ ಸ್ವಿಚ್ಚುಗಳಲ್ಲಿ ವಿಲ್ಯಾನ್ ರಚಿಸುವ ಸೌಲಭ್ಯ ಇರುವುದಿಲ್ಲ.

ನನ್ನ ಕಲಿಕೆ

ಅಭಿನಯ ಚಟುವಟಿಕೆಯಲ್ಲಿ ಯಾವ ವಸ್ತು ಯಾರ ಕೈಯಲ್ಲಿದೆ ಎಂಬುದೂ ಪಾಠವೇ. ಅದು ತಪ್ಪಿದರೆ ಪರಿಕಲ್ಪನೆಯೇ ತಪ್ಪುತ್ತದೆ. "ಅದು ನಿಯಮ" ಎನ್ನುವ ಬದಲು "ನಾಳೆ ನೋಡಿಕೊಂಡು ಬರುತ್ತೇನೆ" ಎಂದಿದ್ದರೆ ಆ ಹುಡುಗಿ ಒಂದು ದಿನ ಮೊದಲೇ ಗೆಲ್ಲುತ್ತಿದ್ದಳು.