ಅಲ್ಪಕಾಲದ ಬದರೀಯಾತ್ರೆ : ಸಿದ್ಧತೆಯ ಕ್ರಮ

ವೈಶಾಖಮಾಸವು ಸಮೀಪಿಸುತ್ತಿದ್ದಂತೆ ಬದರೀಕ್ಷೇತ್ರದ ದ್ವಾರೋದ್ಘಾಟನೆಯ ವಾರ್ತೆಯು ಆಸ್ತಿಕರ ಮನೆಗಳಲ್ಲಿ ಪ್ರಸ್ತಾಪಕ್ಕೆ ಬರುವುದು ಸಹಜ. ಹಿಂದೆ ಹೃಷೀಕೇಶದಿಂದ ಮುಂದೆ ಕಾಲ್ನಡಿಗೆಯಲ್ಲಿಯೇ ಸಾಗಬೇಕಾಗಿದ್ದ ಈ ಯಾತ್ರೆಯು ಇಂದು ವಾಹನದಲ್ಲಿ ಕ್ಷೇತ್ರದ ಸಮೀಪದವರೆಗೂ ಸಾಧ್ಯವಾಗಿದೆ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವು ಹತ್ತು ಹನ್ನೆರಡು ದಿನಗಳಿಗೆ ಇಳಿದಿದೆ. ಇದು ಅನುಕೂಲವೇ ಸರಿ. ಆದರೆ ಇದೇ ಅನುಕೂಲವು ಅವಸರಕ್ಕೂ ಎಡೆಮಾಡಿಕೊಟ್ಟಿದೆ. ವಯಸ್ಸಾದ ತಂದೆತಾಯಿಗಳನ್ನು ಕರೆದುಕೊಂಡು ಹೊರಡುವವರು ಯಾವ ದಿನ ಎಲ್ಲಿ ತಂಗಬೇಕು, ಎಷ್ಟು ಎತ್ತರ ಏರಬೇಕು, ದಾರಿ ಮುಚ್ಚಿದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಆಲೋಚಿಸದಿದ್ದರೆ, ಭಕ್ತಿಯಿಂದ ಆರಂಭವಾದ ಯಾತ್ರೆಯು ಸಂಕಟದಲ್ಲಿ ಮುಗಿಯಬಹುದು. ಆದುದರಿಂದ ಸಂಪ್ರದಾಯಕ್ಕೂ ದೇಹಧರ್ಮಕ್ಕೂ ವಿರೋಧವಿಲ್ಲದಂತೆ ಈ ಯಾತ್ರೆಯನ್ನು ಹೇಗೆ ಯೋಜಿಸಬಹುದೆಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ನಮಗೆ ಬದರಿಯ ಸಂಬಂಧ

ಬದರಿಯು ಸಮಸ್ತ ವೈಷ್ಣವರಿಗೂ ಪೂಜ್ಯವಾದ ಕ್ಷೇತ್ರ. ಮಾಧ್ವರಾದ ನಮಗಾದರೋ ಅದು ನಮ್ಮ ಶಾಸ್ತ್ರವು ಪ್ರವಹಿಸಿಬಂದ ಸ್ಥಾನ. ಶ್ರೀಮದಾಚಾರ್ಯರು ಗೀತಾಭಾಷ್ಯವನ್ನು ಬದರೀನಾರಾಯಣನ ಸನ್ನಿಧಿಯಲ್ಲಿ ಸಮರ್ಪಿಸಿದುದು, ಅಲ್ಲಿಯ ಅನಂತಮಠದಲ್ಲಿ ಮೌನೋಪವಾಸಗಳ ವ್ರತವನ್ನು ಕೈಗೊಂಡುದು, ಶ್ರೀವೇದವ್ಯಾಸದೇವರ ಆಹ್ವಾನವನ್ನು ಹೊಂದಿ ಏಕಾಕಿಯಾಗಿ ಉತ್ತರಬದರಿಗೆ ತೆರಳಿದುದು, ಇವೆಲ್ಲವನ್ನೂ ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾರೆ. 6ನೆಯ ಸರ್ಗದ ಕೊನೆಯ ಭಾಗದಿಂದ 8ನೆಯ ಸರ್ಗದವರೆಗೆ ಮೊದಲ ಯಾತ್ರೆಯ ವೃತ್ತಾಂತವಿದೆ. 10ನೆಯ ಸರ್ಗದಲ್ಲಿ ಎರಡನೆಯ ಉತ್ತರಯಾತ್ರೆಯ ಪ್ರಸಂಗಗಳಿವೆ. ಬದರಿಯಿಂದ ಹಿಂದಿರುಗಿದ ಮೇಲೆಯೇ ಬ್ರಹ್ಮಸೂತ್ರಭಾಷ್ಯವು ರಚಿತವಾಯಿತು.

ಯಾತ್ರೆಗೆ ಹೊರಡುವವರು ಪೆಟ್ಟಿಗೆಯನ್ನು ಕಟ್ಟುವುದಕ್ಕೆ ಒಂದು ತಿಂಗಳು ಮೊದಲೇ ಈ ಸರ್ಗಗಳನ್ನು ಬಲ್ಲವರಿಂದ ಅರ್ಥಸಹಿತವಾಗಿ ಕೇಳಬೇಕು. ದಿನಕ್ಕೆ ಅರ್ಧ ಗಂಟೆ ಮನೆಯವರೆಲ್ಲರೂ ಕುಳಿತರೆ ಸಾಕು. ತೀರ್ಥವು ಪವಿತ್ರವಾಗುವುದು ಅಲ್ಲಿರುವ ಭಗವಂತನ ಮತ್ತು ಅಭಿಮಾನಿದೇವತೆಗಳ ಸನ್ನಿಧಾನದಿಂದಲೇ ಹೊರತು ಕೇವಲ ಜಲದಿಂದಲ್ಲವೆಂಬುದು ನಮ್ಮ ಸಿದ್ಧಾಂತ. ಈ ಅನುಸಂಧಾನವಿಲ್ಲದೆ ನೋಡಿದರೆ ಅಲಕನಂದೆಯು ಮನೋಹರವಾದ ನದಿ, ನರನಾರಾಯಣಪರ್ವತಗಳು ರಮಣೀಯವಾದ ಗಿರಿಗಳು, ಅಷ್ಟೆ.

ನದಿಯ ದಾರಿ

ಹೃಷೀಕೇಶದಿಂದ ಬದರಿಗೆ ಸುಮಾರು 295 ಕಿಲೋಮೀಟರು. ದಾರಿಯುದ್ದಕ್ಕೂ ನದಿಯ ಸಂಗಡವೇ ಪ್ರಯಾಣ. ಸುಮಾರು 70 ಕಿಲೋಮೀಟರು ಕ್ರಮಿಸಿದಾಗ ದೇವಪ್ರಯಾಗ. ಇಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುತ್ತವೆ. ಅಲ್ಲಿಂದ ಮುಂದೆ ಅಲಕನಂದೆಯ ಕಣಿವೆ. 140ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ರುದ್ರಪ್ರಯಾಗ. ಕೇದಾರದಿಂದ ಬರುವ ಮಂದಾಕಿನಿಯು ಅಲ್ಲಿ ಸೇರುತ್ತದೆ. 170ರ ಸಮೀಪದಲ್ಲಿ ಕರ್ಣಪ್ರಯಾಗದಲ್ಲಿ ಪಿಂಡರ ನದಿಯೂ, 190ರ ಸಮೀಪದಲ್ಲಿ ನಂದಪ್ರಯಾಗದಲ್ಲಿ ನಂದಾಕಿನಿಯೂ ಕೂಡುತ್ತವೆ. 250ರ ಸುಮಾರಿಗೆ ಜೋಶಿಮಠ ಅಥವಾ ಜ್ಯೋತಿರ್ಮಠ. ಅದರ ಕೆಳಗೆ ಧೌಲಿಗಂಗೆಯು ಸೇರುವ ವಿಷ್ಣುಪ್ರಯಾಗ. ಹೀಗೆ ಪಂಚಪ್ರಯಾಗಗಳೂ ಒಂದೇ ದಾರಿಯಲ್ಲಿ ದೊರೆಯುತ್ತವೆ. ಮುಂದೆ ಗೋವಿಂದಘಾಟ್, ಪಾಂಡುಕೇಶ್ವರ, ಹನುಮಾನ್‌ಚಟ್ಟಿಗಳನ್ನು ದಾಟಿದರೆ ಬದರೀಪುರಿ. ಅದು ಸಮುದ್ರಮಟ್ಟದಿಂದ ಸುಮಾರು 3,100 ಮೀಟರು ಎತ್ತರದಲ್ಲಿದೆ. ದೇವಾಲಯದ ಹಿಂಬದಿಯಲ್ಲಿ 6,596 ಮೀಟರಿನ ನೀಲಕಂಠ ಶಿಖರವು ನಿರ್ಮಲವಾದ ಪ್ರಾತಃಕಾಲದಲ್ಲಿ ಕಾಣಿಸುತ್ತದೆ.

ಕಾಲನಿರ್ಣಯ

ದೇವಾಲಯವು ಶೀತಕಾಲದಲ್ಲಿ ಹಿಮದ ನಿಮಿತ್ತ ಮುಚ್ಚಿರುತ್ತದೆ. ದ್ವಾರ ತೆರೆಯುವ ದಿನವನ್ನು ವಸಂತಪಂಚಮಿಯಂದು ನರೇಂದ್ರನಗರದ ಅರಮನೆಯಲ್ಲಿಯೂ, ಮುಚ್ಚುವ ದಿನವನ್ನು ವಿಜಯದಶಮಿಯಂದೂ ಪ್ರಕಟಿಸುವುದು ಪದ್ಧತಿ. ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಿನಿಂದ ನವೆಂಬರಿನವರೆಗೆ ದರ್ಶನಾವಕಾಶ. ಇದರಲ್ಲಿ ಜುಲೈ, ಆಗಸ್ಟ್ ತಿಂಗಳುಗಳನ್ನು ವರ್ಜಿಸುವುದು ಲೇಸು; ಮಳೆಯಿಂದ ಗುಡ್ಡಗಳು ಕುಸಿದು ದಾರಿ ಮುಚ್ಚುವುದು ಆಗಲೇ ಅಧಿಕ. ಮೇ ಮತ್ತು ಜೂನ್ ಮೊದಲ ಭಾಗದಲ್ಲಿ ಜನಸಂದಣಿ ಹೆಚ್ಚು. ವೃದ್ಧರೊಡನೆ ಹೋಗುವವರಿಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲವೇ ಪ್ರಶಸ್ತ. ಚಳಿಯು ಸ್ವಲ್ಪ ಹೆಚ್ಚಾದರೂ ಸಂದಣಿಯು ಕಡಿಮೆ, ಆಕಾಶವು ನಿರ್ಮಲ.

ಇನ್ನು ತಿಥಿಯ ವಿಚಾರ. ಏಕಾದಶೀ ಉಪವಾಸವನ್ನು ಬಿಡಲಾಗದ ನಮಗೆ ಇದು ಮುಖ್ಯ. ನಿರಾಹಾರದಿಂದ ಬಳಲಿದ ದೇಹವು ಎತ್ತರವನ್ನು ಏರುವಾಗ ಇನ್ನಷ್ಟು ಬಳಲುತ್ತದೆ. ಏಕಾದಶಿಗಳ ನಡುವೆ ಸುಮಾರು ಹದಿನೈದು ದಿನಗಳ ಅಂತರವಿರುವುದರಿಂದ, ಪಂಚಾಂಗವನ್ನು ಮುಂದಿಟ್ಟುಕೊಂಡೇ ಟಿಕೆಟ್ಟುಗಳನ್ನು ತೆಗೆಯಬೇಕು. ದ್ವಾದಶಿಯ ಪಾರಣೆಯನ್ನು ಹರಿದ್ವಾರದಲ್ಲಿಯೋ ಹೃಷೀಕೇಶದಲ್ಲಿಯೋ ಮುಗಿಸಿಕೊಂಡು ತ್ರಯೋದಶಿಯಂದು ಪರ್ವತಮಾರ್ಗವನ್ನು ಹಿಡಿದರೆ, ಮುಂದಿನ ಏಕಾದಶಿಯೊಳಗೆ ನಿಶ್ಚಿಂತೆಯಿಂದ ಬಯಲುಸೀಮೆಗೆ ಮರಳಬಹುದು. ವ್ರತಭಂಗವೂ ಇಲ್ಲ, ದೇಹಪೀಡೆಯೂ ಇಲ್ಲ. ಕೃಷ್ಣಪಕ್ಷವನ್ನು ಆರಿಸಿಕೊಂಡರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಕ್ಷೇತ್ರದಲ್ಲಿರುವಂತಾಗಿ ಪಿತೃಕಾರ್ಯಕ್ಕೂ ಅನುಕೂಲ.

ದಿನಗಳ ವಿಂಗಡಣೆ

ಹರಿದ್ವಾರದಿಂದ ಹರಿದ್ವಾರಕ್ಕೆ ಎಂಟು ದಿನಗಳನ್ನು ಇಟ್ಟುಕೊಳ್ಳಬೇಕೆಂಬುದು ನಮ್ಮ ಸಲಹೆ. ಬೆಂಗಳೂರಿನಿಂದ ದೆಹಲಿಯ ಮಾರ್ಗವಾಗಿ ರೈಲಿನಲ್ಲಿ ಹೋಗಿಬರಲು ನಾಲ್ಕು ದಿನ ಸೇರಿಸಿದರೆ ಒಟ್ಟು ಹನ್ನೆರಡು.

ಮೊದಲನೆಯ ದಿನ ಹರಿದ್ವಾರದಲ್ಲಿ ಗಂಗಾಸ್ನಾನ, ಹೃಷೀಕೇಶದಲ್ಲಿ ವಸತಿ. ಎರಡನೆಯ ದಿನ ಮುಂಜಾನೆ ಹೊರಟು, ದೇವಪ್ರಯಾಗದಲ್ಲಿ ಸಂಗಮಸ್ನಾನ ಮಾಡಿ, ರುದ್ರಪ್ರಯಾಗದಲ್ಲಿ ವಸತಿ. ಮೂರನೆಯ ದಿನ ಸುಮಾರು 110 ಕಿಲೋಮೀಟರು ಸಾಗಿ ಜೋಶಿಮಠದಲ್ಲಿ ನರಸಿಂಹದೇವರ ದರ್ಶನ, ವಸತಿ. ನಾಲ್ಕನೆಯ ದಿನ ಉಳಿದ 45 ಕಿಲೋಮೀಟರು ಏರಿ ಬದರೀಪ್ರವೇಶ. ಹಗಲು ವಿಶ್ರಾಂತಿ, ಸಂಜೆ ದರ್ಶನ. ಐದನೆಯ ದಿನ ಪೂರ್ಣವಾಗಿ ಕ್ಷೇತ್ರವಾಸ. ಆರನೆಯ ದಿನ ಬೆಳಗ್ಗೆ ಇಳಿಯತೊಡಗಿ ರುದ್ರಪ್ರಯಾಗದಲ್ಲಿ ವಸತಿ. ಏಳನೆಯ ದಿನ ಹೃಷೀಕೇಶ. ಎಂಟನೆಯ ದಿನವನ್ನು ಯಾವ ಕಾರ್ಯಕ್ಕೂ ನಿಗದಿಮಾಡದೆ ಬಿಟ್ಟಿಡಬೇಕು. ದಾರಿಯು ಎಲ್ಲಿಯಾದರೂ ಮುಚ್ಚಿದರೆ ಈ ಒಂದು ದಿನವು ನಮ್ಮನ್ನು ಕಾಪಾಡುತ್ತದೆ. ಮರುಪ್ರಯಾಣದ ರೈಲು ಹೊರಡುವ ಹೊತ್ತಿಗೆ ತಲುಪಲೇಬೇಕೆಂಬ ಆತುರದಿಂದ ಚಾಲಕನನ್ನು ರಾತ್ರಿಯಲ್ಲಿ ಓಡಿಸುವಂತೆ ಒತ್ತಾಯಿಸುವುದು ಎಂದಿಗೂ ಕೂಡದು.

ಹೃಷೀಕೇಶದಿಂದ ಒಂದೇ ದಿನದಲ್ಲಿ ಬದರಿಯನ್ನು ಮುಟ್ಟಿಸುತ್ತೇವೆಂದು ಹೇಳುವ ವಾಹನದವರೂ ಉಂಟು. ತರುಣರಿಗೆ ಅದು ಸಾಧ್ಯವಾಗಬಹುದು. ಆದರೆ ಹೃಷೀಕೇಶವು 400 ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಜೋಶಿಮಠವು ಸುಮಾರು 1,900 ಮೀಟರು. ಕೊನೆಯ 45 ಕಿಲೋಮೀಟರಿನಲ್ಲಿಯೇ 1,200 ಮೀಟರು ಏರಬೇಕು. ಬದರಿಯಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಹತ್ತರಲ್ಲಿ ಏಳು ಪಾಲಿನಷ್ಟು ಮಾತ್ರ. ಪ್ರತಿ ಉಸಿರಿನಲ್ಲಿಯೂ ದೇಹಕ್ಕೆ ದೊರೆಯುವ ಪ್ರಾಣವಾಯು ಅಷ್ಟೇ ಕಡಿಮೆ. ನಡುವೆ ತಂಗುವುದರಿಂದ ದೇಹವು ಕ್ರಮೇಣ ಹೊಂದಿಕೊಳ್ಳುತ್ತದೆ.

ದೇಹಧರ್ಮವೂ ಆಚಾರವೂ

ಹೃದ್ರೋಗ, ರಕ್ತದ ಒತ್ತಡ, ಶ್ವಾಸರೋಗ, ಮಧುಮೇಹಗಳಿರುವವರು ವೈದ್ಯರ ಅನುಮತಿಯಿಲ್ಲದೆ ಹೊರಡಬಾರದು. ನಿತ್ಯದ ಔಷಧಿಗಳನ್ನು ನಾಲ್ಕೈದು ದಿನಗಳಿಗೆ ಅಧಿಕವಾಗಿಯೇ ಇಟ್ಟುಕೊಂಡು, ಅವುಗಳನ್ನು ಕೈಚೀಲದಲ್ಲಿಡಬೇಕು. ಎತ್ತರದಲ್ಲಿ ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು ಕೆಲವರಿಗೆ ಆಗುತ್ತದೆ. ವಿಶ್ರಾಂತಿಯಿಂದಲೂ ಧಾರಾಳವಾಗಿ ನೀರು ಕುಡಿಯುವುದರಿಂದಲೂ ಅದು ಶಮನವಾಗಬಹುದು. ಕುಳಿತಲ್ಲಿಯೇ ಏದುಸಿರು, ಮಾತಿನಲ್ಲಿ ತೊದಲು, ನಡಿಗೆಯಲ್ಲಿ ತೂರಾಟ ಕಂಡುಬಂದರೆ ಮಾತ್ರ ಒಂದು ಗಳಿಗೆಯೂ ತಡಮಾಡದೆ ವೈದ್ಯರಿಗೆ ತೋರಿಸಿ ಕೆಳಗೆ ಇಳಿಸಬೇಕು. ಬೆಳಗಿನ ಅಭಿಷೇಕವನ್ನು ನೋಡಿಕೊಂಡು ಇಳಿಯೋಣವೆಂದು ಕಾಯಬಾರದು.

ಮಡಿಯ ವಿಷಯದಲ್ಲಿ ಹಿರಿಯರಿಗೆ ಚಿಂತೆಯಿರುವುದು ಸಹಜ. ತಪ್ತಕುಂಡದ ಉಷ್ಣೋದಕದಲ್ಲಿ ಸ್ನಾನಮಾಡುವುದು ಕ್ಷೇತ್ರದ ಪದ್ಧತಿಯೇ ಆಗಿರುವುದರಿಂದ ತಣ್ಣೀರಿನ ಭಯವಿಲ್ಲ. ನೀರು ಬಹಳ ಬಿಸಿಯಾಗಿರುವುದರಿಂದ ಹೆಚ್ಚು ಹೊತ್ತು ಅದರಲ್ಲಿರಬಾರದು. ಮಿಂದೊಡನೆ ಗಾಳಿಗೆ ಮೈಯೊಡ್ಡದೆ ಒಣಬಟ್ಟೆಯನ್ನು ಉಡಬೇಕು. ಹತ್ತಿಯ ಮಡಿಯೇ ಬೇಕೆಂದು ಹಟಮಾಡದೆ ಧಾಬಳಿಯನ್ನು ಒಯ್ಯುವುದು ಉಚಿತ. ಅದು ಮಡಿಗೂ ಒದಗುತ್ತದೆ, ಚಳಿಗೂ ಒದಗುತ್ತದೆ.

ಸ್ವಯಂಪಾಕ ಮಾಡುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಯಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆಯು ಬೇಗ ಬೇಯುವುದಿಲ್ಲ. ಚಿಕ್ಕ ಕುಕ್ಕರನ್ನು ಒಯ್ಯಬೇಕು. ಇಲ್ಲವೇ ಅವಲಕ್ಕಿ, ಹುರಿಹಿಟ್ಟು, ಅರಳಿಟ್ಟು ಮೊದಲಾದುವನ್ನು ಇಟ್ಟುಕೊಂಡರೆ ಎರಡು ದಿನಗಳು ಸುಗಮವಾಗಿ ಕಳೆಯುತ್ತವೆ. ಗೀತೆಯ 6ನೆಯ ಅಧ್ಯಾಯದಲ್ಲಿ ಭಗವಂತನು ಅತಿಭೋಜನ, ಅನಶನಗಳೆರಡನ್ನೂ ಯೋಗಕ್ಕೆ ಪ್ರತಿಕೂಲವೆಂದು ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು.

ದಾರಿಯ ಎಚ್ಚರ

ಹಿಮಾಲಯವು ಇನ್ನೂ ನೆಲೆಗೊಳ್ಳದ ಪರ್ವತ. ಅದರ ಇಳಿಜಾರುಗಳು ಸಡಿಲವಾದವು. 2013ನೆಯ ಜೂನ್ ತಿಂಗಳಿನ ಮಹಾಪ್ರವಾಹದಲ್ಲಿ ಕೇದಾರಪ್ರಾಂತದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಬದರಿಯ ದಾರಿಯಲ್ಲಿರುವ ಗೋವಿಂದಘಾಟ್ ಸಹ ಹಾನಿಗೊಳಗಾಯಿತು. 2021ನೆಯ ಫೆಬ್ರವರಿ 7ರಂದು ಧೌಲಿಗಂಗೆಯ ಕಣಿವೆಯಲ್ಲಿ ಹಠಾತ್ತನೆ ನುಗ್ಗಿದ ಪ್ರವಾಹವು ಇನ್ನೂರಕ್ಕೂ ಮಿಕ್ಕಿದ ಜನರನ್ನು ಬಲಿತೆಗೆದುಕೊಂಡಿತು. 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಇವನ್ನು ಭಯಪಡಿಸಲು ಹೇಳುತ್ತಿಲ್ಲ, ಎಚ್ಚರದಿಂದಿರಬೇಕೆಂದು ಹೇಳುತ್ತಿದ್ದೇವೆ.

ಉತ್ತರಾಖಂಡ ಸರ್ಕಾರವು ಕಡ್ಡಾಯಗೊಳಿಸಿರುವ ಯಾತ್ರಿಕರ ನೋಂದಣಿಯನ್ನು ಮನೆಯಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು. ಅಪಾಯಕಾಲದಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು ಅದೇ ಆಧಾರ. ಪ್ರತಿದಿನವೂ ಬೆಳಕಿರುವಾಗಲೇ ವಸತಿಸ್ಥಳವನ್ನು ಸೇರಬೇಕು. ಸ್ನಾನವನ್ನು ಸರಪಣಿ ಕಟ್ಟಿರುವ ಘಟ್ಟಗಳಲ್ಲಿ ಮಾತ್ರ ಮಾಡಬೇಕು. ಅಣೆಕಟ್ಟುಗಳಿಂದ ನೀರು ಬಿಟ್ಟಾಗ ನದಿಯು ಮುನ್ಸೂಚನೆಯಿಲ್ಲದೆ ಏರುವುದುಂಟು. ಒಯ್ದ ಪ್ಲಾಸ್ಟಿಕ್ ಪದಾರ್ಥಗಳನ್ನೂ ಹಳೆಯ ಬಟ್ಟೆಗಳನ್ನೂ ನದಿಗೆ ಬಿಡುವುದು ಪುಣ್ಯವಲ್ಲ. ವಿಷ್ಣುಪಾದೋದಕವೆಂದು ಯಾವ ನೀರನ್ನು ಶಿರಸ್ಸಿನಲ್ಲಿ ಧರಿಸುತ್ತೇವೆಯೋ ಅದನ್ನೇ ಮಲಿನಗೊಳಿಸುವುದು ಅಪಚಾರ.

ಕ್ಷೇತ್ರದಲ್ಲಿ ಕರ್ತವ್ಯ

ತಪ್ತಕುಂಡದ ಸ್ನಾನ, ಪದ್ಮಾಸನಸ್ಥನಾದ ಬದರೀನಾರಾಯಣನ ದರ್ಶನ, ಬ್ರಹ್ಮಕಪಾಲದಲ್ಲಿ ಪಿಂಡಪ್ರದಾನ, ಇವು ಮುಖ್ಯ. ಪಿತೃಕಾರ್ಯ ಮಾಡುವವರು ಹಿಂದಿನ ಸಂಜೆಯೇ ತೀರ್ಥಪುರೋಹಿತರೊಡನೆ ಮಾತನಾಡಿ, ಗೋತ್ರನಾಮಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಬೇಕು. ಮೂರು ಕಿಲೋಮೀಟರು ದೂರದ ಮಾಣಾ ಗ್ರಾಮದಲ್ಲಿ ವ್ಯಾಸಗುಹೆ, ಗಣೇಶಗುಹೆ, ಸರಸ್ವತೀನದಿಯ ಮೇಲಿನ ಭೀಮಸೇತುಗಳಿವೆ. ಆ ಸರಸ್ವತಿಯು ಅಲಕನಂದೆಯನ್ನು ಕೂಡುವ ಸ್ಥಾನವೇ ಕೇಶವಪ್ರಯಾಗ. ವ್ಯಾಸಗುಹೆಯಲ್ಲಿ ಕುಳಿತು ಗೀತೆಯ ಒಂದು ಅಧ್ಯಾಯವನ್ನಾದರೂ ಪಾರಾಯಣಮಾಡಬೇಕು. ಮಾಣಾದಿಂದ ಐದು ಕಿಲೋಮೀಟರು ನಡೆಯಬೇಕಾದ ವಸುಧಾರೆಗೆ ಶಕ್ತರು ಮಾತ್ರ ಹೋಗಬಹುದು. ಹಿರಿಯರನ್ನು ಒಬ್ಬಂಟಿಯಾಗಿ ಬಿಟ್ಟು ಎಲ್ಲರೂ ಹೋಗಬಾರದು.

ಅಶಕ್ತರ ಯಾತ್ರೆ

ವೈದ್ಯರು ಬೇಡವೆಂದುದರಿಂದ ಮನೆಯಲ್ಲಿಯೇ ಉಳಿಯುವವರ ಮನಸ್ಸಿನ ಕೊರಗು ಸಣ್ಣದಲ್ಲ. ಅವರಿಗೆ ಸುಮಧ್ವವಿಜಯದಲ್ಲಿಯೇ ಸಮಾಧಾನವಿದೆ. ಆಚಾರ್ಯರು ಉತ್ತರಬದರಿಗೆ ತೆರಳಿದಾಗ ಗುರುವಿರಹವನ್ನು ಸಹಿಸಲಾರದ ಸತ್ಯತೀರ್ಥರು ದುರ್ಗಮವಾದ ಆ ಮಾರ್ಗದಲ್ಲಿ ಬೆನ್ನಟ್ಟಿ ನಡೆದರು. ಆಚಾರ್ಯರು ಹಿಂದಿರುಗಿ ನೋಡಿ, ಕೈಸನ್ನೆಯಿಂದಲೇ ಅವರನ್ನು ಮರಳಿ ಕಳುಹಿಸಿದರು. ಹಾಗೆ ಮರಳಿದ ಸತ್ಯತೀರ್ಥರಿಗೆ ಏನು ಕಡಿಮೆಯಾಯಿತು? ಮುಂದೆ ಆಚಾರ್ಯರ ಮುಖದಿಂದ ಹೊರಟ ಸೂತ್ರಭಾಷ್ಯವನ್ನು ಬರೆದುಕೊಳ್ಳುವ ಭಾಗ್ಯವು ದೊರೆತುದು ಅವರಿಗೇ. ಶಕ್ತಿಯನ್ನು ಮೀರಿ ನಡೆಯದಿರುವುದೂ ಗುರ್ವಾಜ್ಞೆಯ ಪಾಲನೆಯೇ ಎಂಬುದಕ್ಕೆ ಇದು ನಿದರ್ಶನ.

ಆದುದರಿಂದ ಹೋಗಲಾರದವರು, ಮನೆಯವರು ಯಾತ್ರೆಯಲ್ಲಿರುವ ಎಂಟು ದಿನಗಳಲ್ಲಿ ಆ ಸರ್ಗಗಳನ್ನು ಮನೆಯಲ್ಲಿಯೇ ಪಾರಾಯಣಮಾಡಲಿ. ಹೃದಯದಲ್ಲಿ ಬಿಂಬರೂಪಿಯಾಗಿರುವವನೂ ಆ ಬದರೀನಾರಾಯಣನೇ. ಹೋಗಿಬಂದವರು ತಂದ ಗಂಗೋದಕವನ್ನು ಮೊದಲು ಅವರ ಕೈಗೆ ಕೊಟ್ಟು ನಮಸ್ಕರಿಸಲಿ. ಹೊರಡುವವರಿಗೆ ಪ್ರಯಾಣವು ನಿರ್ವಿಘ್ನವಾಗಲೆಂದೂ, ಉಳಿದವರಿಗೆ ಸ್ಮರಣೆಯ ಫಲವು ಪೂರ್ಣವಾಗಲೆಂದೂ ಶ್ರೀಹರಿವಾಯುಗುರುಗಳಲ್ಲಿ ನಾವು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು