ಶುಗರ್ ಇದ್ದವರು ಲಿವರ್ ಕಾಯುವ ಸೂತ್ರಗಳು

ಕಡೂರಿನ ತೆಂಗಿನ ತೋಟ, ತರೀಕೆರೆಯ ಅಡಿಕೆ ಮಂಡಿ, ಅಜ್ಜಂಪುರದ ಈರುಳ್ಳಿ ಹೊಲ, ಎಲ್ಲಿ ಮಾತಿಗೆ ನಿಂತರೂ ಶುಗರ್ ಇದ್ದವರೊಬ್ಬರು ಸಿಗುತ್ತಾರೆ. ‘ಲಿವರ್ ತೋರಿಸಿದ್ರಾ?’ ಎಂದರೆ, ‘ನಾನು ಕುಡಿಯಲ್ವಲ್ಲ’ ಎನ್ನುತ್ತಾರೆ. ಕುಡಿಯದವರ ಲಿವರಿಗೂ ಹೆಪಟೈಟಿಸ್ ವೈರಸ್ ತಗಲುತ್ತದೆ.

1. ನಂಟು ತಿಳಿದುಕೊಳ್ಳಿ. ಉಂಡದ್ದರಲ್ಲಿ ಮಿಕ್ಕ ಸಕ್ಕರೆಯನ್ನು ಕೂಡಿಟ್ಟು, ಹೊಟ್ಟೆ ಖಾಲಿಯಿದ್ದಾಗ ರಕ್ತಕ್ಕೆ ಬಿಡುವುದು ಲಿವರ್. ‘ಸಾಕು, ನಿಲ್ಲಿಸು’ ಎನ್ನುವುದು ಇನ್ಸುಲಿನ್. ಹೆಪಟೈಟಿಸ್ ಸಿ ಹೊಕ್ಕ ಲಿವರ್ ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಟೈಪ್ 2 ಮಧುಮೇಹದ ಅಪಾಯ ಹೆಚ್ಚುತ್ತದೆ. ಶುಗರ್ ಮೊದಲೇ ಇದ್ದರೆ ಲಿವರ್ ಬೇಗ ಗಟ್ಟಿಯಾಗುತ್ತದೆ.

2. ಕಣ್ಣು ಹಳದಿಯಾಗಲಿ ಎಂದು ಕಾಯಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿರುತ್ತವೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ಕೇಳಿ, ಚಿಕ್ಕಮಗಳೂರಿಗೆ ಹೋಗಬೇಕೆಂದರೆ ಹೋಗಿ ಬನ್ನಿ.

3. ಬೆರಳು ಚುಚ್ಚುವ ಸೂಜಿ, ಇನ್ಸುಲಿನ್ ಪೆನ್ನು ನಿಮಗೊಬ್ಬರಿಗೇ ಇರಲಿ. ಒಂದು ಮನೆಯ ಗ್ಲುಕೋಮೀಟರ್ ಇಡೀ ಬೀದಿ ಸುತ್ತುವುದು ಪ್ರೀತಿಯಿಂದಲೇ, ಒಪ್ಪುತ್ತೇನೆ. ಆದರೆ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಶಿಬಿರದಲ್ಲಿ ಹೊಸ ಸೂಜಿ ಬಿಚ್ಚುವುದನ್ನು ನೋಡಿಯೇ ಬೆರಳು ಕೊಡಿ. ಕ್ಷೌರದಂಗಡಿಯಲ್ಲೂ ಹೊಸ ಬ್ಲೇಡ್ ಕೇಳಿ.

4. ಬಿ ತಗಲಿಲ್ಲವೆಂದು ಖಾತ್ರಿಯಾದರೆ ಲಸಿಕೆ ಹಾಕಿಸಿ. ಸಾಮಾನ್ಯವಾಗಿ 3 ಡೋಸ್: ಇವತ್ತು, 1 ತಿಂಗಳಿಗೆ, 6 ತಿಂಗಳಿಗೆ. ಸಿ ವೈರಸ್‌ಗೆ ಲಸಿಕೆಯಿಲ್ಲ.

5. ಕಾಮಾಲೆ ಬಂದರೆ ಕಬ್ಬಿನ ಹಾಲು, ಗ್ಲೂಕೋಸ್ ಪುಡಿ ಬೇಡ. ನಮ್ಮ ಕಡೆ ಅಕ್ಕರೆಯಿಂದ ಮೊದಲು ಕೊಡುವುದೇ ಅದನ್ನು. ಶುಗರ್ ಇದ್ದವರಿಗೆ ಅದು ಬೆಂಕಿಗೆ ತುಪ್ಪ. ನಾಟಿ ಔಷಧಿ ಕುಡಿದು, ಕೈಗೆ ಬರೆ ಹಾಕಿಸಿಕೊಂಡು ವಾರ ಕಳೆಯಬೇಡಿ. ಶುಗರ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ, ಅದೇ ಡೋಸಿನಲ್ಲಿ ಮುಂದುವರಿಸಲೂಬೇಡಿ; ಅದೇ ದಿನ ಡಾಕ್ಟರನ್ನು ಕೇಳಿ.

6. ಸಿ ಇದೆ ಎಂದರೆ ಎದೆಗುಂದಬೇಡಿ. ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. ವೈರಸ್ ಹೋಗುತ್ತಿದ್ದಂತೆ ಶುಗರ್ ಇಳಿಯುವುದುಂಟು. ಹಳೆಯ ಡೋಸಿನ ಇನ್ಸುಲಿನ್ ಆಗ ಹೆಚ್ಚಾಗಿಬಿಡಬಹುದು. ಆ 12 ವಾರ ಪದೇ ಪದೇ ಶುಗರ್ ನೋಡಿಕೊಳ್ಳಿ. ಬೆವರು, ನಡುಕ ಬಂದರೆ ಒಂದಿಷ್ಟು ಸಕ್ಕರೆ ಬಾಯಿಗೆ ಹಾಕಿಕೊಂಡು ಡಾಕ್ಟರಿಗೆ ತಿಳಿಸಿ.