ಪ್ರಯಾಣಿಕನ ಬುತ್ತಿ

ಸಾಗರ ತಾಲೂಕಿನ ವರದಹಳ್ಳಿಯ ಕಡೆಯಿಂದ ಒಬ್ಬ ಮುಸ್ಲಿಮ್ ಯುವಕ ಉತ್ತರ ದಿಕ್ಕಿಗೆ ಪ್ರಯಾಣ ಹೊರಟಿದ್ದಾನೆಂದು ಭಾವಿಸಿರಿ. ಬೆನ್ನಿಗೊಂದು ಚೀಲ, ಕೂಡಿಟ್ಟ ಸ್ವಲ್ಪ ಹಣ, ಜೊತೆಗಾರರು ಯಾರೂ ಇಲ್ಲ. ಸಾಗರ ಜಂಬಗಾರು ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರು, ದಿಲ್ಲಿ, ಶ್ರೀನಗರದ ಮೂಲಕ ಲಡಾಖ್ ತಲುಪಬೇಕು. ಅಲ್ಲಾಹನು ಅನುಕೂಲ ಕಲ್ಪಿಸಿದರೆ ಮುಂದೊಂದು ದಿನ, ನಡುರಾತ್ರಿಯಲ್ಲೂ ಸೂರ್ಯ ಕಾಣುವ ನಾರ್ವೆಯ ಉತ್ತರ ಭಾಗವನ್ನೂ ನೋಡಬೇಕು ಎಂಬುದು ಅವನ ಹಂಬಲ. ಮನೆಯಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ತಂದೆ ಕೇಳುತ್ತಾರೆ: “ಇಷ್ಟು ದುಡ್ಡಿನಲ್ಲಿ ಅಷ್ಟು ದೂರ ಹೋಗಿ ಬರುವುದು ಹೇಗೆ?” ತಾಯಿ ಕೇಳುತ್ತಾರೆ: “ಅಲ್ಲಿ ಊಟಕ್ಕೆ ಏನು ಮಾಡುತ್ತೀಯ ಮಗಾ?” ಅಜ್ಜ ಕೇಳುವುದು ಒಂದೇ ಮಾತು: “ನಮಾಝ್?”

ಮೊದಲ ಎರಡು ಪ್ರಶ್ನೆಗಳಿಗೆ ಅವನ ಬಳಿ ಉತ್ತರ ಸಿದ್ಧವಾಗಿರುತ್ತದೆ. ಮೂರನೆಯ ಪ್ರಶ್ನೆಗೆ ಅನೇಕರು ಕೊಡುವ ಉತ್ತರ ಹೀಗಿರುತ್ತದೆ: “ಪ್ರಯಾಣದಲ್ಲಿ ಅದೆಲ್ಲ ಕಷ್ಟ ಅಜ್ಜಾ, ಬಂದ ಮೇಲೆ ಕಝಾ ಮಾಡಿದರಾಯಿತು.”

ಪ್ರಿಯ ಓದುಗರೇ, ಈ ಉತ್ತರದಲ್ಲಿ ಎರಡು ತಪ್ಪುಗಳಿವೆ. ಪ್ರಯಾಣವೆಂದರೆ ದೀನ್‌ಗೆ ರಜೆ ಎಂಬ ಭಾವನೆ ಒಂದು. ದೀನ್ ಪ್ರಯಾಣಿಕನ ಕಷ್ಟವನ್ನು ಅರಿಯದು ಎಂಬ ಭಾವನೆ ಇನ್ನೊಂದು. ತಿಂಗಳುಗಟ್ಟಲೆ ಕೈಬಿಟ್ಟ ನಮಾಝ್ ಊರಿಗೆ ಮರಳಿದ ಮಾತ್ರಕ್ಕೆ ತಾನಾಗಿ ಮರಳಿ ಬರುವುದಿಲ್ಲ. ಎಷ್ಟೋ ಯುವಕರ ನಮಾಝ್ ಹೀಗೆಯೇ ರೈಲಿನ ಡಬ್ಬಿಯಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ಕಳೆದುಹೋಗಿದೆ. ಆದುದರಿಂದ ಈ ಯುವಕನ ಜೊತೆ ನಾವೂ ಹೆಜ್ಜೆ ಹೆಜ್ಜೆಯಾಗಿ ಉತ್ತರಕ್ಕೆ ಸಾಗೋಣ. ದಾರಿಯ ಯಾವ ತಿರುವಿನಲ್ಲಿ ಶರೀಅತ್ ಅವನಿಗೆ ಏನು ಹೇಳುತ್ತದೆಂದು ನೋಡೋಣ.

ಹೊರಡುವ ಮುನ್ನ

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 197ನೇ ಸೂಕ್ತದಲ್ಲಿ, ಬುತ್ತಿ ಕಟ್ಟಿಕೊಂಡು ಹೊರಡಿರೆಂಬ ಆಜ್ಞೆಯಿದೆ. ಬುತ್ತಿಗಳಲ್ಲಿ ಶ್ರೇಷ್ಠವಾದುದು ದೇವಭಯ ಎಂದೂ ಅಲ್ಲೇ ಹೇಳಲಾಗಿದೆ. ಈ ಸೂಕ್ತದ ಹಿನ್ನೆಲೆಯನ್ನು ಹಝ್ರತ್ ಇಬ್ನು ಅಬ್ಬಾಸ್(ರ) ತಿಳಿಸಿರುವುದು ಬುಖಾರಿಯಲ್ಲಿದೆ. ಯಮನಿನ ಕೆಲವರು ತಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರೆಂದು ಹೇಳುತ್ತಾ ಬರಿಗೈಯಲ್ಲಿ ಹಜ್ಜ್‌ಗೆ ಹೊರಡುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಯೊಡ್ಡುತ್ತಿದ್ದರು. ಅವರನ್ನು ತಿದ್ದಲು ಈ ಆಜ್ಞೆ ಬಂತು. ಹಜ್ಜ್‌ನಂತಹ ಶ್ರೇಷ್ಠ ಯಾತ್ರೆಗೇ ಇದು ನಿಯಮವಾಗಿರುವಾಗ, ನಾಡು ನೋಡಲು ಹೊರಟವನು ಇನ್ನೊಬ್ಬರ ಅನ್ನದ ಮೇಲೆ ಲೆಕ್ಕ ಹಾಕಿ ಹೊರಡುವುದು ಎಷ್ಟರ ಮಟ್ಟಿಗೆ ಸರಿ?

ಕಡಿಮೆ ಖರ್ಚಿನಲ್ಲಿ ಪ್ರಯಾಣಿಸುವುದು ದೋಷವಲ್ಲ, ಸರಳತೆ ಮೆಚ್ಚತಕ್ಕ ಗುಣವೇ ಸರಿ. ಆದರೆ ಸಾಲ ಮಾಡಿ ವಿಹಾರಕ್ಕೆ ಹೋಗುವುದು ಸರಳತೆಯಲ್ಲ. ತೀರಿಸಬೇಕಾದ ಸಾಲವಿದ್ದರೆ ಮೊದಲು ತೀರಿಸಬೇಕು. ಯಾರದಾದರೂ ಅಮಾನತ್ತು ಕೈಯಲ್ಲಿದ್ದರೆ ಮರಳಿಸಬೇಕು. ತಂದೆ ತಾಯಿಯ ಸಮ್ಮತಿ ಪಡೆಯಬೇಕು. ದಾರಿಯಲ್ಲಿ ಬಂಧುಗಳ ಮನೆಯಲ್ಲಿ ತಂಗಬಹುದು. ಆದರೆ ಆತಿಥ್ಯ ಮೂರು ದಿನ, ಆ ನಂತರದ್ದು ದಾನ. ಮನೆಯವರಿಗೆ ಹೊರೆಯಾಗುವಷ್ಟು ಕಾಲ ಉಳಿಯುವುದು ಅತಿಥಿಗೆ ಸಲ್ಲದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಸೀದಿಯಲ್ಲಿ ರಾತ್ರಿ ಕಳೆಯುವುದಾದರೆ ಇಮಾಮರನ್ನೋ ಕಮಿಟಿಯವರನ್ನೋ ಕೇಳಿಯೇ ಮಲಗಬೇಕು. ಎದ್ದು ಹೋಗುವಾಗ ಆ ಸ್ಥಳ ಬಂದಾಗ ಇದ್ದುದಕ್ಕಿಂತ ಸ್ವಚ್ಛವಾಗಿರಬೇಕು.

ದಾರಿಯಲ್ಲಿ ಹಣ ಕಳವಾಗಿ ನಿಜವಾಗಿಯೂ ಸಿಕ್ಕಿಬಿದ್ದವನನ್ನು ಇಸ್ಲಾಮ್ ಕೈಬಿಟ್ಟಿಲ್ಲ. ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಪ್ರಯಾಣಿಕನೂ ಒಬ್ಬ. ಊರಿನಲ್ಲಿ ಅವನಿಗೆ ಆಸ್ತಿಯಿದ್ದರೂ ದಾರಿಯಲ್ಲಿ ಅವನು ನಿರ್ಗತಿಕನೇ. ಈ ಹಕ್ಕು ಆಪತ್ತಿಗೆ ಒಳಗಾದವನಿಗಿರುವುದು. ಆಪತ್ತನ್ನೇ ಯೋಜನೆ ಮಾಡಿಕೊಂಡು ಹೊರಟವನಿಗಲ್ಲ.

ಇನ್ನು ಒಬ್ಬಂಟಿ ಪ್ರಯಾಣದ ವಿಷಯ. ಅದರಲ್ಲಿರುವ ಅಪಾಯ ಜನರಿಗೆ ತಿಳಿದಿದ್ದರೆ ರಾತ್ರಿ ಹೊತ್ತು ಯಾರೂ ಒಂಟಿಯಾಗಿ ಸವಾರಿ ಹೊರಡುತ್ತಿರಲಿಲ್ಲ ಎಂಬರ್ಥದ ಪ್ರವಾದಿ ವಚನ ಬುಖಾರಿಯಲ್ಲಿದೆ. ಜನರಿಂದ ತುಂಬಿದ ರೈಲು, ಬಸ್ಸುಗಳಲ್ಲಿ ಆ ಅಪಾಯ ಅಷ್ಟಾಗಿ ಇಲ್ಲವೆಂದು ವಿದ್ವಾಂಸರು ವಿವರಿಸುತ್ತಾರೆ. ಆದರೆ ನಿರ್ಜನ ಪರ್ವತದ ಹಾದಿಯಲ್ಲಿ ಆ ಎಚ್ಚರಿಕೆ ಅಂದಿನಂತೆ ಇಂದಿಗೂ ಅನ್ವಯಿಸುತ್ತದೆ. ಅಂತಹ ಕಡೆ ಜೊತೆ ಹುಡುಕಿಕೊಳ್ಳಬೇಕು. ದಿನಕ್ಕೊಮ್ಮೆ ಮನೆಗೆ ಕರೆ ಮಾಡಿ ಇರುವ ಸ್ಥಳ ತಿಳಿಸಬೇಕು. ಸಹೋದರಿಯರ ದೂರ ಪ್ರಯಾಣಕ್ಕೆ ಮಹ್ರಮ್ ಜೊತೆಗಿರಬೇಕೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯವಾದುದರಿಂದ ಇಲ್ಲಿ ನಾವು ಯುವಕರನ್ನು ಕುರಿತೇ ಮಾತನಾಡುತ್ತಿದ್ದೇವೆ.

ರೈಲಿನಲ್ಲಿ ನಮಾಝ್

ಅನ್ನಿಸಾ ಅಧ್ಯಾಯದ 101ನೇ ಸೂಕ್ತ ಪ್ರಯಾಣಿಕನಿಗೆ ನಮಾಝನ್ನು ಸಂಕ್ಷೇಪಿಸಲು ಅನುಮತಿ ನೀಡಿದೆ. ಇದು ಅಲ್ಲಾಹನು ನಿಮಗಿತ್ತ ದಾನ, ಅದನ್ನು ಸ್ವೀಕರಿಸಿರಿ ಎಂಬರ್ಥದಲ್ಲಿ ಪ್ರವಾದಿ(ಸ) ಹಝ್ರತ್ ಉಮರ್‌ರಿಗೆ(ರ) ಉತ್ತರಿಸಿದ್ದು ಮುಸ್ಲಿಮ್‌ನಲ್ಲಿದೆ. ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳು ಎರಡಾಗುತ್ತವೆ. ಫಜರ್‌ನ ಎರಡು, ಮಗ್ರಿಬ್‌ನ ಮೂರು ಹಾಗೆಯೇ ಇರುತ್ತವೆ.

ನಮ್ಮ ಮಲೆನಾಡಿನಲ್ಲಿ ಹನಫಿಗಳೂ ಇದ್ದಾರೆ, ಕರಾವಳಿಯಿಂದ ಬಂದು ನೆಲೆಸಿದ ಶಾಫಿಈಗಳೂ ಇದ್ದಾರೆ. ಆದುದರಿಂದ ಎರಡನ್ನೂ ತಿಳಿಯುವುದು ಲೇಸು. ಪ್ರಯಾಣದ ದೂರ ಹನಫಿಗಳಲ್ಲಿ ಸುಮಾರು 77 ಕಿ.ಮೀ., ಶಾಫಿಈಗಳಲ್ಲಿ ಸುಮಾರು 82 ಕಿ.ಮೀ. ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯಲಾಗುತ್ತದೆ. ಸಾಗರ ಪೇಟೆಯಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಅಷ್ಟಕ್ಕೇ ಹೋಗಿ ಬರುವವನು ಪೂರ್ತಿ ನಮಾಝ್ ಮಾಡಬೇಕು. ಆದರೆ ಬೆಂಗಳೂರು, ದಿಲ್ಲಿಗೆಂದೇ ಹೊರಟವನು ತನ್ನ ಊರಿನ ಮನೆಗಳ ಸಾಲು ದಾಟಿದೊಡನೆ ಮುಸಾಫಿರ್ ಆಗುತ್ತಾನೆ. ಒಂದೇ ಊರಿನಲ್ಲಿ 15 ದಿನ ಅಥವಾ ಹೆಚ್ಚು ತಂಗುವ ಸಂಕಲ್ಪ ಮಾಡಿದರೆ ಹನಫಿ ಪೂರ್ತಿ ಮಾಡಬೇಕು. ಶಾಫಿಈಗೆ ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನಗಳ ಸಂಕಲ್ಪವೇ ಸಾಕು. ಶಾಫಿಈಗಳು ಪ್ರಯಾಣದಲ್ಲಿ ಝುಹರ್ ಮತ್ತು ಅಸರನ್ನು, ಮಗ್ರಿಬ್ ಮತ್ತು ಇಶಾವನ್ನು ಜೋಡಿಸಬಹುದು. ಹನಫಿಗಳು ಹಜ್ಜ್‌ನ ಅರಫಾ ಮತ್ತು ಮುಝ್ದಲಿಫಾದ ಹೊರತು ಹಾಗೆ ಜೋಡಿಸುವುದಿಲ್ಲ. ಝುಹರನ್ನು ಅದರ ಕೊನೆಯ ವೇಳೆಯಲ್ಲಿ, ಅಸರನ್ನು ಅದರ ಮೊದಲ ವೇಳೆಯಲ್ಲಿ ಮಾಡಿ ಸೌಕರ್ಯ ಪಡೆಯುತ್ತಾರೆ. ಸ್ಥಳೀಯ ಇಮಾಮರ ಹಿಂದೆ ನಿಂತರೆ ಇಬ್ಬರೂ ಪೂರ್ತಿ ನಾಲ್ಕು ರಕಅತ್ ಮಾಡಬೇಕು.

ರೈಲಿನಲ್ಲಿ ಜನರು ನಡೆದಾಡುವ ದಾರಿಯನ್ನು ಅಡ್ಡಗಟ್ಟದೆ, ಸಹಪ್ರಯಾಣಿಕರಲ್ಲಿ ವಿನಯದಿಂದ ಕೇಳಿ ಜಾಗ ಮಾಡಿಕೊಳ್ಳಿರಿ. ಹೆಚ್ಚಿನವರು ಸಂತೋಷದಿಂದಲೇ ಸರಿದು ಕೂರುತ್ತಾರೆ. ರೈಲು ಹೆಚ್ಚು ಹೊತ್ತು ನಿಲ್ಲುವ ನಿಲ್ದಾಣಗಳನ್ನು ಮೊದಲೇ ಗುರುತು ಮಾಡಿಟ್ಟುಕೊಂಡರೆ ಪ್ಲಾಟ್‌ಫಾರಮ್ಮಿನಲ್ಲೇ ನಿಂತು ನಮಾಝ್ ಮಾಡಬಹುದು. ನಿಲ್ಲಲಾಗದ, ಕಿಬ್ಲಾಕ್ಕೆ ತಿರುಗಲಾಗದ ಪರಿಸ್ಥಿತಿಯ ವಿಧಿಯನ್ನು ಹೊರಡುವ ಮೊದಲೇ ನಿಮ್ಮ ಮದ್‌ಹಬಿನ ವಿದ್ವಾಂಸರಿಂದ ಕೇಳಿ ತಿಳಿದಿರಿ.

ಕಿಬ್ಲಾದ ಬಗ್ಗೆ ಒಂದು ಮಾತು. ನಾವು ಹುಟ್ಟಿನಿಂದ ಪಶ್ಚಿಮಕ್ಕೆ ನಿಂತು ಅಭ್ಯಾಸವಾದವರು. ಸಾಗರದಲ್ಲಿ ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ವಾಲಿದೆ. ಲಡಾಖಿನ ಲೇಹ್‌ನಲ್ಲಿ ಅದು ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ವಾಲುತ್ತದೆ. ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿಯಾದರೋ ಕಿಬ್ಲಾ ದಕ್ಷಿಣ ಮತ್ತು ಆಗ್ನೇಯಗಳ ನಡುವೆ ಇದೆ. ಊರು ಬದಲಾದಂತೆ ದಿಕ್ಕನ್ನು ಕೇಳಿ ತಿಳಿಯಬೇಕು. ದಿಕ್ಸೂಚಿಯೊಂದು ಜೊತೆಗಿರಲಿ.

ಚಳಿಯ ನಾಡಿನಲ್ಲಿ

ಈಗ ನಮ್ಮ ಯುವಕ ಕಾಶ್ಮೀರ ತಲುಪಿದ್ದಾನೆ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರದವರೆಗೂ ರೈಲು ಓಡುತ್ತಿದೆ. ಅಲ್ಲಿಂದ ಝೋಜಿಲಾ, ದ್ರಾಸ್, ಕಾರ್ಗಿಲ್ ಮಾರ್ಗವಾಗಿ ಲೇಹ್‌ಗೆ ಸುಮಾರು 420 ಕಿ.ಮೀ. ರಸ್ತೆ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದುದರಿಂದ ಮೊದಲ ಎರಡು ದಿನ ವಿಶ್ರಾಂತಿ ಪಡೆಯಲೇಬೇಕು. ಶರೀರವೂ ಅಲ್ಲಾಹನ ಅಮಾನತ್ತೇ. ಪ್ರಯಾಣಿಕನಿಗೂ ರೋಗಿಗೂ ರಮಝಾನಿನ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ಅನುಮತಿ ಅಲ್ ಬಕರ ಅಧ್ಯಾಯದಲ್ಲೇ ಇದೆ.

ಇಲ್ಲಿನ ಮುಂಜಾನೆಯ ನೀರು ಕೈಯನ್ನು ಮರಗಟ್ಟಿಸುತ್ತದೆ. ಶರೀಅತ್ ಇದನ್ನೂ ಕಡೆಗಣಿಸಿಲ್ಲ. ವುಝೂ ಮಾಡಿ ಚರ್ಮದ ಕಾಲುಚೀಲ ಧರಿಸಿದವನು ಮುಂದಿನ ವುಝೂಗಳಲ್ಲಿ ಕಾಲು ತೊಳೆಯುವ ಬದಲು ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ಊರಿನಲ್ಲಿರುವವನಿಗೆ ಈ ಸೌಕರ್ಯ ಒಂದು ಹಗಲು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ರಾತ್ರಿ. ಸಾಮಾನ್ಯ ತೆಳು ಸಾಕ್ಸ್‌ಗೆ ಇದು ಅನ್ವಯಿಸದೆಂಬುದು ಹನಫಿ, ಶಾಫಿಈ ವಿದ್ವಾಂಸರ ನಿಲುವು. ಹಝ್ರತ್ ಅಮ್ರ್ ಬಿನ್ ಆಸ್(ರ) ಝಾತುಸ್ಸಲಾಸಿಲ್ ದಂಡಯಾತ್ರೆಯ ಒಂದು ಕೊರೆಯುವ ರಾತ್ರಿಯಲ್ಲಿ ಸ್ನಾನ ಕಡ್ಡಾಯವಾದಾಗ, ಸ್ನಾನ ಮಾಡಿದರೆ ಪ್ರಾಣಕ್ಕೆ ಅಪಾಯವೆಂದು ತಯಮ್ಮುಮ್ ಮಾಡಿ ನಮಾಝಿಗೆ ನೇತೃತ್ವ ನೀಡಿದರು. ಪ್ರವಾದಿಯವರಿಗೆ(ಸ) ಈ ವಿಷಯ ತಿಳಿದಾಗ ಅವರು ನಕ್ಕರು, ಆಕ್ಷೇಪಿಸಲಿಲ್ಲ. ಇದು ಅಬೂದಾವೂದ್‌ನಲ್ಲಿದೆ. ಗಮನಿಸಿರಿ, ಚಳಿಯ ಕಾರಣಕ್ಕೆ ಸ್ನಾನದ ರೂಪ ಬದಲಾಯಿತು, ನಮಾಝ್ ಬಿಟ್ಟುಹೋಗಲಿಲ್ಲ. ಬಿಸಿನೀರು ಸಿಗುವವನಿಗೆ ಈ ರಿಯಾಯಿತಿ ಇಲ್ಲವೆಂಬುದೂ ನೆನಪಿರಲಿ.

ಲೇಹ್‌ನ ಪೇಟೆಯ ನಡುವೆ 17ನೇ ಶತಮಾನದ ಜಾಮಿಅ ಮಸೀದಿ ಇದೆ. ಮಲೆನಾಡಿನ ಹುಡುಗ ಅಲ್ಲಿ ಸಾಲಿನಲ್ಲಿ ನಿಂತಾಗ ಭಾಷೆ ಬೇರೆ, ಮುಖ ಬೇರೆ, ಉಡುಪು ಬೇರೆ. ಆದರೆ ಅಲ್ಲಾಹು ಅಕ್ಬರ್ ಎಂಬ ಕರೆ ಒಂದೇ. ಒಂಟಿಯಾಗಿ ಬಂದವನು ಅಲ್ಲಿ ಒಂಟಿಯಲ್ಲ.

ತಾಯಿಯ ಪ್ರಶ್ನೆ

ಊಟದ ವಿಷಯದಲ್ಲಿ ಹಣ ಉಳಿಸುವ ದಾರಿಯೂ ಹಲಾಲಿನ ದಾರಿಯೂ ಹೆಚ್ಚಾಗಿ ಒಂದೇ. ಮನೆಯಿಂದ ಅವಲಕ್ಕಿ, ಖರ್ಜೂರ, ಚಟ್ನಿಪುಡಿ ಕಟ್ಟಿಕೊಳ್ಳಿರಿ. ಮಾಂಸದ ಬಗ್ಗೆ ಸಂಶಯವಿರುವಲ್ಲಿ ಅನ್ನ, ಬೇಳೆ, ಮೊಟ್ಟೆ, ಮೀನು ಸಾಕು. ನಾರ್ವೆಯಲ್ಲಿ ಮೂರ್ಛೆಗೊಳಿಸದೆ ಪ್ರಾಣಿಯನ್ನು ಕೊಯ್ಯುವುದನ್ನು 1930ರಿಂದ ಕಾನೂನು ನಿಷೇಧಿಸಿದೆ. ಆದುದರಿಂದ ಅಲ್ಲಿ ಮಾಂಸ ಕೊಳ್ಳುವ ಮುನ್ನ ಸ್ಥಳೀಯ ಮಸೀದಿಯವರನ್ನು ವಿಚಾರಿಸಬೇಕು. ಮೀನಿಗೆ ಆ ನಾಡಿನಲ್ಲಿ ಕೊರತೆಯಿಲ್ಲ. ಧರ್ಮನಿಷ್ಠ ಯಹೂದಿ ಪ್ರಯಾಣಿಕರಿಗೂ ಅಲ್ಲಿ ಇದೇ ತೊಡಕು. ಅವರು ತಮ್ಮ ಧರ್ಮಕ್ಕೆ ಒಪ್ಪುವ ಆಹಾರವನ್ನು ಚೀಲದಲ್ಲಿ ಹೊತ್ತು ಸಾಗುತ್ತಾರೆ, ಶನಿವಾರದ ಸಬ್ಬತ್ತಿನಂದು ಪ್ರಯಾಣ ನಿಲ್ಲಿಸುತ್ತಾರೆ. ಒಬ್ಬನೇ ಇರುವಾಗಲೂ, ನೋಡುವವರಿಲ್ಲದ ಕಡೆಯಲ್ಲೂ ತಮ್ಮ ನಿಯಮಕ್ಕೆ ಅಂಟಿಕೊಳ್ಳುವ ಅವರ ಶಿಸ್ತು ನಮ್ಮನ್ನು ನಾಚಿಸಬೇಕಲ್ಲವೇ?

ವಸತಿಗೂ ಅಲ್ಲಿ ಅಗ್ಗದ ದಾರಿಯಿದೆ. ನಾರ್ವೆಯ 1957ರ ಕಾನೂನಿನಂತೆ ಬೇಸಾಯವಿಲ್ಲದ ಬಯಲಿನಲ್ಲಿ, ಮನೆಗಳಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಯಾರು ಬೇಕಾದರೂ ಎರಡು ರಾತ್ರಿ ಡೇರೆ ಹಾಕಬಹುದು. ಇಡೀ ಭೂಮಿಯನ್ನೇ ನಮಾಝಿನ ಸ್ಥಳವನ್ನಾಗಿ ಮಾಡಲ್ಪಟ್ಟ ಸಮುದಾಯಕ್ಕೆ ಆ ಬಯಲು ಪರಕೀಯವಲ್ಲ.

ಸೂರ್ಯ ಮುಳುಗದ ಊರಿನಲ್ಲಿ

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಸೋಜಿಗದ್ದು. ಟ್ರೊಮ್ಸೊದಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಉದಯಿಸುವುದೂ ಇಲ್ಲ. ಸೂರ್ಯಾಸ್ತವಿಲ್ಲದ ಕಡೆ ಮಗ್ರಿಬ್ ಯಾವಾಗ?

ಇದು ಹೊಸ ಪ್ರಶ್ನೆಯಲ್ಲ. ಕ್ರಿ.ಶ. 921ರಲ್ಲಿ ಬಗ್ದಾದಿನಿಂದ ಖಲೀಫರ ನಿಯೋಗದೊಂದಿಗೆ ಹೊರಟ ಇಬ್ನು ಫದ್ಲಾನ್ ಮರುವರ್ಷ ವೋಲ್ಗಾ ನದಿಯ ದಡದ ಬುಲ್ಗಾರ್ ತಲುಪಿದರು. ಒಂದು ರಾತ್ರಿ ಇಶಾದ ಅಝಾನಿಗಾಗಿ ಕಾಯುತ್ತಾ ಮಾತನಾಡುತ್ತಿದ್ದಾಗ ಅಝಾನ್ ಕೇಳಿಸಿತು. ಹೊರಬಂದು ನೋಡಿದರೆ ಬೆಳಗಾಗಿತ್ತು! ಅದು ಫಜರ್‌ನ ಅಝಾನಾಗಿತ್ತು. ಇಶಾವನ್ನು ಇಲ್ಲಿ ಮಗ್ರಿಬ್ ಜೊತೆಗೇ ಮಾಡುತ್ತೇವೆಂದು ಮುಅಝ್ಝಿನ್ ತಿಳಿಸಿದರು. ಫಜರ್ ತಪ್ಪಿಹೋದೀತೆಂಬ ಭಯದಿಂದ ತಾನು ಒಂದು ತಿಂಗಳಿನಿಂದ ರಾತ್ರಿ ಮಲಗಿಲ್ಲವೆಂದೂ ಹೇಳಿದರು. ಸೌಕರ್ಯಕ್ಕೆ ದಾರಿ ಹುಡುಕುವ ನಾವು ಆ ಮುಅಝ್ಝಿನರ ಭಯವನ್ನು ಸ್ವಲ್ಪ ಯೋಚಿಸಬೇಕು.

ಇಶಾದ ಸಮಯವೇ ಬಾರದ ಆ ನಾಡಿನ ಬಗ್ಗೆ ಹನಫಿ ವಿದ್ವಾಂಸರು ದೀರ್ಘ ಚರ್ಚೆ ನಡೆಸಿದರು. ಸಮಯವಿಲ್ಲದಲ್ಲಿ ಆ ನಮಾಝ್ ಕಡ್ಡಾಯವಿಲ್ಲ, ಕೈಯಿಲ್ಲದವನಿಗೆ ಕೈ ತೊಳೆಯುವ ಕಡ್ಡಾಯವಿಲ್ಲದಂತೆ ಎಂದು ಬಕ್ಕಾಲೀ ವಾದಿಸಿದರು. ಸಮಯವೆಂಬುದು ಗುರುತು ಮಾತ್ರ, ಗುರುತು ಕಾಣದಿದ್ದರೂ ಐದು ನಮಾಝ್‌ಗಳ ಆಜ್ಞೆ ಎಲ್ಲ ನಾಡಿನವರಿಗೂ ಇದೆ ಎಂದು 15ನೇ ಶತಮಾನದ ಇಬ್ನುಲ್ ಹುಮಾಮ್ ಉತ್ತರಿಸಿದರು. ಅವರಿಗೆ ಆಧಾರ ಮುಸ್ಲಿಮ್‌ನಲ್ಲಿರುವ ದಜ್ಜಾಲನ ಹದೀಸ್. ಒಂದು ದಿನ ಒಂದು ವರ್ಷದಷ್ಟು ದೀರ್ಘವಾಗುವುದೆಂದು ಪ್ರವಾದಿ(ಸ) ತಿಳಿಸಿದಾಗ ಸಹಾಬಿಗಳು ಬೇರೇನನ್ನೂ ಕೇಳದೆ, ಆ ದಿನಕ್ಕೆ ಒಂದು ದಿನದ ನಮಾಝ್ ಸಾಕೇ ಎಂದು ಕೇಳಿದರು. ಸಾಲದು, ಸಮಯವನ್ನು ಅಂದಾಜು ಮಾಡಿಕೊಳ್ಳಿರಿ ಎಂಬ ಉತ್ತರ ದೊರೆಯಿತು. ಈ ಆಧಾರದಲ್ಲೇ ಇಂದಿನ ವಿದ್ವಾಂಸರು ಹಗಲು ರಾತ್ರಿ ಸ್ಪಷ್ಟವಾಗಿರುವ ಸಮೀಪದ ಪ್ರದೇಶದ ವೇಳೆಯನ್ನೋ ಮಕ್ಕಾದ ವೇಳೆಯನ್ನೋ ಅನುಸರಿಸಲು ಹೇಳುತ್ತಾರೆ. ಪ್ರಯಾಣಿಕನು ತನ್ನದೇ ಲೆಕ್ಕ ಹಾಕದೆ ಅಲ್ಲಿನ ಮಸೀದಿಯ ವೇಳಾಪಟ್ಟಿಯನ್ನು ಅನುಸರಿಸಿದರೆ ಗೊಂದಲವಿಲ್ಲ. 18ನೇ ಶತಮಾನದ ಯಹೂದಿ ವಿದ್ವಾಂಸ ಯಾಕೋಬ್ ಎಮ್ಡನ್ ಕೂಡ ಧ್ರುವ ಪ್ರದೇಶದಲ್ಲಿ 24 ಗಂಟೆಗಳನ್ನು ಒಂದು ದಿನವೆಂದು ಎಣಿಸಿ ಸಬ್ಬತ್ ಆಚರಿಸಬೇಕೆಂದು ಬರೆದಿದ್ದಾರೆ. ಸೂರ್ಯನ ಗುರುತು ಮಾಯವಾದಾಗಲೂ ಸೂರ್ಯನ ಒಡೆಯನ ಆಜ್ಞೆ ಮಾಯವಾಗುವುದಿಲ್ಲವಷ್ಟೆ.

ಸಹೋದರರೇ, ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯ ಕಡೆ ಉತ್ತರಕ್ಕೆ ಹರಿದು ಕೊನೆಗೆ ತುಂಗಭದ್ರೆಯನ್ನು ಸೇರುತ್ತಾಳೆ. ಎಷ್ಟು ದೂರ ಹರಿದರೂ ನೀರು ಮೂಲದ್ದೇ. ನಿಮ್ಮ ಪ್ರಯಾಣವೂ ಹಾಗಿರಲಿ. ನಾಡು ನೋಡಿರಿ, ಜನರನ್ನು ಅರಿಯಿರಿ, ಅಲ್ಲಾಹನ ಸೃಷ್ಟಿಯ ಮುಂದೆ ವಿನಮ್ರರಾಗಿರಿ. ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗ ಮರಳಿರಿ, ಪ್ರವಾದಿಯವರ(ಸ) ಉಪದೇಶವೂ ಅದೇ. ಪ್ರಯಾಣಿಕನ ಪ್ರಾರ್ಥನೆ ಸ್ವೀಕೃತವಾಗುವ ಪ್ರಾರ್ಥನೆಗಳಲ್ಲಿ ಒಂದೆಂದು ಹದೀಸಿನಲ್ಲಿದೆ. ಮಕ್ಕಳಿಗಾಗಿ ತಂದೆ ಮಾಡುವ ಪ್ರಾರ್ಥನೆಯೂ ಅದೇ ಸಾಲಿನಲ್ಲಿದೆ. ಹೊರಟವನೂ ಮನೆಯಲ್ಲಿ ಉಳಿದವರೂ ಪರಸ್ಪರರಿಗಾಗಿ ಕೈಯೆತ್ತಲಿ.

ಮರಳಿ ಬಂದ ದಿನ ಅಜ್ಜ ಮತ್ತೆ ಅದೇ ಒಂದು ಮಾತು ಕೇಳುತ್ತಾರೆ. ಅಂದು ತಲೆ ತಗ್ಗಿಸದೆ ಉತ್ತರಿಸುವಂತಾದರೆ ಆ ಬುತ್ತಿ ದಾರಿಯುದ್ದಕ್ಕೂ ಖಾಲಿಯಾಗಲಿಲ್ಲವೆಂದು ತಿಳಿಯಿರಿ. ಅಲ್ಲಾಹನು ನಮ್ಮ ಎಲ್ಲ ಪ್ರಯಾಣಗಳನ್ನು ಸುಗಮಗೊಳಿಸಲಿ, ನಮ್ಮ ಮಕ್ಕಳನ್ನು ದೂರದ ನಾಡುಗಳಲ್ಲೂ ದೀನ್ ಮೇಲೆ ಸ್ಥಿರವಾಗಿರಿಸಲಿ. ಆಮೀನ್.